ಗೋಮಾಳದ ಮೇಲಿನ ಆಟ

ಭಾನುವಾರ ಬೆಳಿಗ್ಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್‌ನಲ್ಲಿ ಯಾರೂ ಗಾಲ್ಫ್ ಆಡುವುದಿಲ್ಲ. ದೊಡ್ಡ ಪಂದ್ಯಾವಳಿಗಳ ದಿನಗಳನ್ನು ಬಿಟ್ಟರೆ ಅದು ಅಲ್ಲಿನ ಹಳೆಯ ಕಟ್ಟಳೆ. ಜೀವನದಲ್ಲಿ ಒಮ್ಮೆಯಾದರೂ ಇಲ್ಲಿ ಆಡಬೇಕೆಂದು ಜಗತ್ತಿನ ಗಾಲ್ಫ್ ಪ್ರಿಯರೆಲ್ಲ ಹಂಬಲಿಸುವ ಹುಲ್ಲಿನ ಮೇಲೆ ಅಂದು ಊರಿನವರು ನಾಯಿ ಬಿಟ್ಟುಕೊಂಡು ಅಡ್ಡಾಡುತ್ತಾರೆ. ಮಕ್ಕಳು ಬಂಕರಿನ ಮರಳಿನ ಅಂಚಿನಲ್ಲಿ ಓಡುತ್ತಾರೆ. ಸ್ವಿಲ್ಕನ್ ಹಳ್ಳದ ಮೇಲಿರುವ ಪುಟ್ಟ ಕಲ್ಲುಸೇತುವೆಯ ಹತ್ತಿರ ಫೋಟೊ ತೆಗೆಸಿಕೊಳ್ಳುವವರ ಸಾಲು ಬೆಳೆಯುತ್ತದೆ.

ಉಳಿದ ಆರು ದಿನಗಳಲ್ಲೂ ಆ ನೆಲ ಪೂರ್ತಿಯಾಗಿ ಆಟಗಾರರದ್ದಲ್ಲ. ಒಂದನೆಯ ಮತ್ತು ಹದಿನೆಂಟನೆಯ ಗುಳಿಗಳತ್ತ ಹೋಗುವ ಹುಲ್ಲುಹಾದಿಗಳಾದ ಫೇರ್‌ವೇಗಳನ್ನು ಸೀಳಿಕೊಂಡು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ಓಣಿ ಸಮುದ್ರದ ಕಡೆಗೆ ಹೋಗುತ್ತದೆ. ಸಾವಿರಾರು ಮೈಲಿ ದೂರದಿಂದ ಬಂದ ಶ್ರೀಮಂತನಾದರೂ ಸರಿ, ದಾರಿಹೋಕರು ದಾಟಿ ಮುಗಿಯುವ ತನಕ ಕೋಲು ಹಿಡಿದು ಕಾಯಲೇಬೇಕು.

ಈ ಕಾಯುವಿಕೆಗೆ ನಾಲ್ಕೂವರೆ ಶತಮಾನಗಳ ಹಿನ್ನೆಲೆಯಿದೆ. ಹೊಸ ಐಷಾರಾಮಿ ಗಾಲ್ಫ್ ಮೈದಾನವೊಂದು ಬಂದರೆ ಸುತ್ತಲಿನ ಊರಿಗೆ ಏನಾಗುತ್ತದೆ, ಪ್ರವಾಸಿಗರು ಎಷ್ಟು ಬರುತ್ತಾರೆ, ಹಳೆಯ ಕ್ಲಬ್ಬುಗಳು ಉಳಿಯುತ್ತವೆಯೇ ಎಂಬ ಪ್ರಶ್ನೆಗಳನ್ನು ಇಂದು ಬಂಡವಾಳದ ಲೆಕ್ಕದಲ್ಲಿ ಕೇಳುವುದು ರೂಢಿ. ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಈ ಪ್ರಶ್ನೆಗಳು ಹೊಸವಲ್ಲ. ಅಲ್ಲಿ ಅವು ಮತ್ತೆ ಮತ್ತೆ ಎದ್ದಿವೆ. ಪ್ರತಿ ಸಲವೂ ಉತ್ತರ ಬಂದಿರುವುದು ಹೋಟೆಲಿನ ವೈಭವದಿಂದಲ್ಲ, ನೆಲದ ಹಕ್ಕು ಯಾರ ಕೈಯಲ್ಲಿತ್ತು ಎಂಬುದರಿಂದ.

ಮೊಲ, ಗರಿ ಮತ್ತು ಒಂದು ಸನ್ನದು

ಸಮುದ್ರಕ್ಕೂ ಉಳುಮೆಯ ಹೊಲಕ್ಕೂ ನಡುವೆ ಬಿದ್ದಿರುವ ಮರಳುದಿಬ್ಬಗಳ ಪಟ್ಟಿಯನ್ನು ಸ್ಕಾಟ್ ಜನ ಲಿಂಕ್ಸ್ ಎನ್ನುತ್ತಾರೆ. ಉಪ್ಪುಗಾಳಿಗೆ ಅಲ್ಲಿ ಬೆಳೆ ಬರುವುದಿಲ್ಲ. ಬರುವುದು ಗಿಡ್ಡನೆಯ ಒರಟು ಹುಲ್ಲು. ಹಾಗಾಗಿ ಊರಿನ ಕುರಿ, ದನಗಳಿಗೆ ಅದೇ ಮೇವಿನ ಜಾಗ. ನಮ್ಮ ಹಳ್ಳಿಗಳ ಗೋಮಾಳ ಇದ್ದಂತೆಯೇ. ಮಳೆ ಬಿದ್ದರೆ ನೀರು ಮರಳಿನಲ್ಲಿ ಇಂಗಿಹೋಗುತ್ತಿತ್ತು, ಕುರಿಗಳು ಹುಲ್ಲನ್ನು ನುಣ್ಣಗೆ ಮೇಯ್ದಿಡುತ್ತಿದ್ದವು, ಚಳಿಗಾಳಿಗೆ ಅವು ಮರೆಯಾಗಿ ಮಲಗುತ್ತಿದ್ದ ತಗ್ಗುಗಳೇ ಮುಂದೆ ಬಂಕರುಗಳಾದವು ಎಂದು ಹೇಳುತ್ತಾರೆ. ಮೈದಾನವನ್ನು ಯಾರೂ ಕಟ್ಟಲಿಲ್ಲ. ಅದು ಅಲ್ಲಿತ್ತು, ಜನ ಆಡಿದರು.

ಎಷ್ಟು ಆಡಿದರೆಂದರೆ 1457ರಲ್ಲಿ ರಾಜ ಎರಡನೆಯ ಜೇಮ್ಸ್‌ನ ಕಾಲದ ಸಂಸತ್ತು ಗಾಲ್ಫನ್ನೂ ಫುಟ್ಬಾಲನ್ನೂ ನಿಷೇಧಿಸಿತು. ಗಂಡಸರು ಬಿಲ್ಲುವಿದ್ಯೆ ಮರೆತು ಚೆಂಡಿನ ಹಿಂದೆ ಬಿದ್ದಿದ್ದಾರೆ ಎಂಬುದು ದೂರು. ಅದೇ ನಿಷೇಧವನ್ನು 1471ರಲ್ಲೂ 1491ರಲ್ಲೂ ಮತ್ತೆ ಹೊರಡಿಸಬೇಕಾಯಿತು. ಮೊದಲ ಆಜ್ಞೆಗೆ ಯಾರೂ ಕಿವಿಗೊಡಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಸೇಂಟ್ ಆಂಡ್ರೂಸ್‌ನ ಲಿಂಕ್ಸ್‌ನಲ್ಲಿ ಮೊಲ ಸಾಕಿಕೊಳ್ಳುವ ಹಕ್ಕು ಪಡೆದ. ಆ ಸನ್ನದಿನಲ್ಲೇ ಊರಿನವರ ಹಕ್ಕುಗಳನ್ನೂ ಒಪ್ಪಿ ಬರೆದುಕೊಟ್ಟ. ಗಾಲ್ಫ್ ಆಡುವುದು, ಫುಟ್ಬಾಲ್ ಆಡುವುದು, ಗುರಿ ಹೊಡೆಯುವುದು, ದನ ಮೇಯಿಸುವುದು, ಹುಲ್ಲುಹೆಪ್ಪು ಕೊಯ್ದುಕೊಳ್ಳುವುದು ಎಲ್ಲವೂ ಅದರಲ್ಲಿ ಬಂದವು. ಊರಿನ ಹೆಂಗಸರು ಬಟ್ಟೆ ಒಗೆದು ಒಣಹಾಕುತ್ತಿದ್ದುದೂ ಅದೇ ನೆಲದ ಮೇಲೆ.

ಕಾಗದದ ಮೇಲಿನ ಹಕ್ಕು ಉಳಿಯಬೇಕಾದರೆ ಜಗಳವಾಡಬೇಕು. 1797ರ ಹೊತ್ತಿಗೆ ಸಾಲದಲ್ಲಿ ಮುಳುಗಿದ್ದ ಊರಿನ ಆಡಳಿತ ಲಿಂಕ್ಸನ್ನು ಮಾರಿತು. ಅದು ಡೆಂಪ್‌ಸ್ಟರ್ ಎಂಬ ವ್ಯಾಪಾರಿ ಕುಟುಂಬದ ಕೈಸೇರಿತು, ಅವರು ಅಲ್ಲಿ ವ್ಯಾಪಾರಕ್ಕೆಂದೇ ಮೊಲ ಸಾಕತೊಡಗಿದರು. ಮೊಲಗಳು ನೆಲವನ್ನೆಲ್ಲ ತೋಡಿ ಆಟ ಕೆಡಿಸಿದವು. ಗಾಲ್ಫ್ ಆಡುವವರು ಮೊಲ ಕೊಲ್ಲತೊಡಗಿದರು, ಹೊಡೆದಾಟಗಳಾದವು, ವ್ಯಾಜ್ಯ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದ ಈ ಮೊಲದ ಜಗಳ ನಿಂತದ್ದು 1821ರಲ್ಲಿ. ಸ್ಟ್ರಾಥ್‌ಟೈರಮ್‌ನ ಜಮೀನ್ದಾರ, ಸ್ವತಃ ಗಾಲ್ಫ್ ಆಡುತ್ತಿದ್ದ ಜೇಮ್ಸ್ ಚೀಪ್ ಆ ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟ.

ಆಗಿನ್ನೂ ಗಾಲ್ಫ್ ಅಗ್ಗದ ಆಟವಾಗಿರಲಿಲ್ಲ. ನೆಲ ಬಿಟ್ಟಿಯಾಗಿತ್ತು, ಚೆಂಡು ದುಬಾರಿಯಾಗಿತ್ತು. ಸೇಂಟ್ ಆಂಡ್ರೂಸ್‌ನ ಅಲನ್ ರಾಬರ್ಟ್‌ಸನ್‌ನ ಕೆಲಸದಮನೆಯಲ್ಲಿ ಚೆಂಡು ಮಾಡುತ್ತಿದ್ದ ಬಗೆ ಹೀಗಿತ್ತು: ನೆನೆಸಿದ ಗೂಳಿಯ ಚರ್ಮದ ತುಂಡುಗಳನ್ನು ಹೊಲಿದು, ಒಳಗಿನದನ್ನು ಹೊರಗೆ ತಿರುಗಿಸಿ, ಒಂದು ಸಣ್ಣ ಸೀಳು ಉಳಿಸುತ್ತಿದ್ದರು. ಕುದಿಸಿ ಮೆತ್ತಗೆ ಮಾಡಿದ ಹೆಬ್ಬಾತಿನ ಗರಿಗಳನ್ನು ಆ ಸೀಳಿನಲ್ಲಿ ಕಬ್ಬಿಣದ ಸಲಾಕೆಯಿಂದ ತುರುಕುತ್ತಿದ್ದರು. ಕೈಬಲ ಸಾಲದೆ ಎದೆಯನ್ನೇ ಒತ್ತುಕೊಟ್ಟು ತಳ್ಳಬೇಕಿತ್ತು. ಒಂದು ಟೋಪಿಯ ತುಂಬ ಹಿಡಿಯುವಷ್ಟು ಗರಿ ಒಂದು ಚೆಂಡಿನೊಳಗೆ ಹೋಗುತ್ತಿತ್ತು. ಹೊಲಿದ ಮೇಲೆ ಚರ್ಮ ಒಣಗುತ್ತ ಬಿಗಿಯುತ್ತಿತ್ತು, ಗರಿ ಒಣಗುತ್ತ ಹಿಗ್ಗುತ್ತಿತ್ತು. ಆ ಎರಡು ಒತ್ತಡಗಳ ನಡುವೆ ಚೆಂಡು ಕಲ್ಲಿನಂತಾಗುತ್ತಿತ್ತು. ನುರಿತ ಕೈಯಿಂದಲೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಏಳುತ್ತಿರಲಿಲ್ಲ. 1844ರಲ್ಲಿ ಆ ಕೆಲಸದಮನೆಯಿಂದ ಹೊರಬಿದ್ದ ಚೆಂಡುಗಳ ಸಂಖ್ಯೆ 2,456.

1848ರ ಸುಮಾರಿಗೆ ಗಟ್ಟಾಪರ್ಚಾ ಬಂತು. ಮಲಯಾದ ಮರವೊಂದರ ಅಂಟಿನಿಂದ ಮಾಡಿದ ಈ ಚೆಂಡಿನ ಹುಟ್ಟಿನ ಬಗ್ಗೆ ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಪೂರ್ವದೇಶದಿಂದ ಪಾದ್ರಿಯೊಬ್ಬರಿಗೆ ಬಂದ ವಿಷ್ಣುವಿನ ವಿಗ್ರಹ ಒಡೆಯದಿರಲೆಂದು ಸುತ್ತಲೂ ಗಟ್ಟಾಪರ್ಚಾ ತುಂಬಿದ್ದರಂತೆ, ಆ ಮನೆಯ ಹುಡುಗ ಅದನ್ನೇ ಉರುಟಿ ಚೆಂಡು ಮಾಡಿದನಂತೆ. ಕಥೆ ಹೇಗೇ ಇರಲಿ, ಚೆಂಡಿನ ಬೆಲೆ ಇಳಿದದ್ದು ನಿಜ. ಗರಿಚೆಂಡನ್ನೇ ನಂಬಿದ್ದ ರಾಬರ್ಟ್‌ಸನ್ ಹೊಸ ಚೆಂಡನ್ನು ಕಂಡು ಕೆರಳಿದ. ಅವನ ಬಳಿ ಕೆಲಸ ಕಲಿತ ಟಾಮ್ ಮಾರಿಸ್ ಆ ಚೆಂಡಿನಲ್ಲಿ ಆಡಿ, ಗುರುವಿನ ಸಿಟ್ಟಿಗೆ ಗುರಿಯಾಗಿ, ಪ್ರೆಸ್ಟ್‌ವಿಕ್‌ಗೆ ಹೊರಟುಹೋದ. ಅದೇ ಪ್ರೆಸ್ಟ್‌ವಿಕ್‌ನಲ್ಲಿ 1860ರಲ್ಲಿ ಎಂಟು ಜನರೊಂದಿಗೆ ಮೊದಲ ಓಪನ್ ಪಂದ್ಯಾವಳಿ ನಡೆಯಿತು.

ಕ್ಲಬ್ಬಿಗೆ ಮನೆಯುಂಟು, ಮೈದಾನವಿಲ್ಲ

ಸೇಂಟ್ ಆಂಡ್ರೂಸ್‌ನಲ್ಲಿ 1754ರಲ್ಲಿ 22 ಮಂದಿ ಕುಲೀನರು ಸೇರಿ ಕಟ್ಟಿದ ಸಂಘಕ್ಕೆ 1834ರಲ್ಲಿ ದೊರೆ ನಾಲ್ಕನೆಯ ವಿಲಿಯಂ ರಾಯಲ್ ಅಂಡ್ ಏನ್ಷೆಂಟ್ ಎಂಬ ಬಿರುದು ಕೊಟ್ಟ. 1843ರಲ್ಲಿ ಊರಿನ ಕಸುಬುದಾರರು ತಮ್ಮದೇ ಆದ ಮೆಕ್ಯಾನಿಕ್ಸ್ ಗಾಲ್ಫ್ ಕ್ಲಬ್ ಕಟ್ಟಿಕೊಂಡರು. ಇಂದಿನ ಸೇಂಟ್ ಆಂಡ್ರೂಸ್ ಗಾಲ್ಫ್ ಕ್ಲಬ್ಬಿನ ಮೂಲ ಅದು. ಕುಲೀನರದೂ ಕಸುಬುದಾರರದೂ ಬೇರೆ ಬೇರೆ ಕ್ಲಬ್ಬು, ಆಡುತ್ತಿದ್ದುದು ಒಂದೇ ಹುಲ್ಲಿನ ಮೇಲೆ.

ಹೊರಗಿನವರಿಗೆ ಬೇಗ ಅರ್ಥವಾಗದ ಸಂಗತಿ ಇದು. ಹದಿನೆಂಟನೆಯ ಗ್ರೀನಿನ ಹತ್ತಿರದ ಭವ್ಯ ಕಟ್ಟಡ ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬಿನದು, ಎದುರಿನ ಮೈದಾನ ಅದರದ್ದಲ್ಲ. 1893ರಲ್ಲಿ ಕ್ಲಬ್ಬು ಚೀಪ್ ಕುಟುಂಬದಿಂದ ಲಿಂಕ್ಸನ್ನು ಕೊಂಡುಕೊಂಡಾಗ ಊರು ಸುಮ್ಮನಿರಲಿಲ್ಲ. ಮರುವರ್ಷವೇ ಸಂಸತ್ತಿನಿಂದ ಕಾಯ್ದೆ ತಂದು ನೆಲವನ್ನು ಊರಿನ ಹೆಸರಿಗೆ ಮಾಡಿಸಿಕೊಂಡಿತು. ಒಪ್ಪಂದದಂತೆ ಕ್ಲಬ್ಬು ತನ್ನ ಖರ್ಚಿನಲ್ಲಿ ಎರಡನೆಯ ಮೈದಾನ ಹಾಕಿಕೊಟ್ಟಿತು. 1895ರಲ್ಲಿ ತೆರೆದ ಅದನ್ನು ಇಂದಿಗೂ ನ್ಯೂ ಕೋರ್ಸ್ ಎಂದೇ ಕರೆಯುತ್ತಾರೆ. 1974ರಿಂದ ಇವೆಲ್ಲವನ್ನೂ ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಈಗ ಅದರ ಕೈಯಲ್ಲಿ ಏಳು ಮೈದಾನಗಳಿವೆ. ಕಡೆಯದಾದ ಕ್ಯಾಸಲ್ ಕೋರ್ಸ್ 2008ರಲ್ಲಿ ತೆರೆಯಿತು.

ಪ್ರವಾಸೋದ್ಯಮವನ್ನು ತಂದದ್ದು ರೈಲು. 1852ರಲ್ಲಿ ಊರಿಗೆ ಹಳಿ ಬಂತು. ಬೇಸಿಗೆಯಲ್ಲಿ ಪಟ್ಟಣಗಳಿಂದ ಕುಟುಂಬ ಸಮೇತ ಬರುವವರು ಹೆಚ್ಚಿದರು. 1887ರಲ್ಲಿ ಜರ್ಮನ್ ಮೂಲದ ವಿಲ್ಹೆಲ್ಮ್ ರುಸಾಕ್ ಹದಿನೆಂಟನೆಯ ಫೇರ್‌ವೇಗೆ ಮುಖ ಮಾಡಿ ಹೋಟೆಲು ತೆರೆದ. 1895ರಲ್ಲಿ ಕೆಂಪು ಮರಳುಗಲ್ಲಿನ ಗ್ರ್ಯಾಂಡ್ ಹೋಟೆಲು ಎದ್ದಿತು. ಇಷ್ಟಾದರೂ 1913ರವರೆಗೆ ಹೊರಗಿನವರೂ ಇಲ್ಲಿ ಶುಲ್ಕವಿಲ್ಲದೆ ಆಡುತ್ತಿದ್ದರು. ತೆರಿಗೆ ಕಟ್ಟುವ ಊರವರಿಗೆ 1946ರವರೆಗೂ ಆಟ ಪುಕ್ಕಟೆಯಾಗಿತ್ತು.

ಇಂದು ಲೆಕ್ಕ ಬೇರೆ. 2024ರ ಬೇಸಿಗೆಯಲ್ಲಿ ಓಲ್ಡ್ ಕೋರ್ಸ್‌ನ ಒಂದು ಸುತ್ತಿಗೆ ಹೊರಗಿನವರು ಕೊಡಬೇಕಿದ್ದುದು 320 ಪೌಂಡ್. ಊರಿನವರ ಇಡೀ ವರ್ಷದ ಟಿಕೆಟ್ಟಿಗೆ ಹೊರಗಿನವರ ಒಂದೆರಡು ಸುತ್ತಿನಷ್ಟು ಹಣ ಸಾಕು. ಹೊರಗಿನವನು ಕೋಟ್ಯಧೀಶನಾದರೂ ಎರಡು ದಿನ ಮೊದಲೇ ಹೆಸರು ಕೊಟ್ಟು ಚೀಟಿ ಎತ್ತುವುದಕ್ಕೆ ಕಾಯಬೇಕಾಗಬಹುದು. ಒಂಟಿ ಆಟಗಾರರು ಇತ್ತೀಚಿನವರೆಗೂ ರಾತ್ರಿಯಿಡೀ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು, 2024ರಿಂದ ಆ ಸಾಲಿನ ಬದಲು ಡಿಜಿಟಲ್ ಚೀಟಿ ಬಂದಿದೆ. ಪ್ರವಾಸಿಯ ಹಣ ಹುಲ್ಲು ಕತ್ತರಿಸುವುದಕ್ಕೆ, ಕಡಲ ಕೊರೆತ ತಡೆಯುವುದಕ್ಕೆ, ಊರಿನವರ ಟಿಕೆಟ್ಟು ಅಗ್ಗವಾಗಿ ಉಳಿಯುವುದಕ್ಕೆ ಹೋಗುತ್ತದೆ. 2022ರಲ್ಲಿ ಇಲ್ಲಿ ನಡೆದ 150ನೆಯ ಓಪನ್‌ಗೆ ಬಂದವರ ಸಂಖ್ಯೆ 2,90,000. ಊರಿನ ಜನಸಂಖ್ಯೆ ಇಪ್ಪತ್ತು ಸಾವಿರವೂ ಇಲ್ಲ.

ಇದಕ್ಕೆ ಊರು ಬೆಲೆ ತೆರದೆ ಇಲ್ಲ. ಲಿಂಕ್ಸ್‌ಗೆ ಹತ್ತಿರದ ಮನೆಗಳು ಸ್ಕಾಟ್ಲೆಂಡಿನ ಅತಿ ದುಬಾರಿ ಮನೆಗಳ ಸಾಲಿನಲ್ಲಿವೆ. ರಜೆಯ ಬಾಡಿಗೆಗೆ ಹೋಗುವ ಮನೆ ಹೆಚ್ಚಿದಷ್ಟೂ ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆ ಸಿಗುವುದು ಕಷ್ಟವಾಗಿದೆ. ಆ ಗ್ರ್ಯಾಂಡ್ ಹೋಟೆಲು ಮಧ್ಯೆ ಹಲವು ದಶಕ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯವಾಗಿತ್ತು. ಈಗ ಅಲ್ಲಿರುವುದು ಐಷಾರಾಮಿ ಅಪಾರ್ಟ್‌ಮೆಂಟು. ಆಡುವ ನೆಲದ ಹಕ್ಕನ್ನು ಕಾಯ್ದೆ ಕಾಪಾಡಿದೆ, ವಾಸದ ನೆಲಕ್ಕೆ ಅಂಥ ಕಾವಲು ಇಲ್ಲ.

ಟ್ರಾಮಿನಲ್ಲಿ ಬಂದ ವೈಭವ

ಹೊಸ ಐಷಾರಾಮಿ ಮೈದಾನ ಎಂಬ ಕಲ್ಪನೆಯನ್ನು ಮೊದಲು ಕಂಡದ್ದು ರೈಲು ಕಂಪನಿಗಳೇ. ಟರ್ನ್‌ಬೆರಿಯಲ್ಲಿ 1906ರಲ್ಲಿ, ಗ್ಲೆನೀಗಲ್ಸ್‌ನಲ್ಲಿ 1924ರಲ್ಲಿ ರೈಲ್ವೆ ಹೋಟೆಲುಗಳು ತೆರೆದವು. ಇವೆರಡಕ್ಕೂ ಮೊದಲು, 1899ರಲ್ಲಿ, ಈಶಾನ್ಯ ಕರಾವಳಿಯ ಕ್ರೂಡೆನ್ ಬೇ ಎಂಬ ಮೀನುಗಾರರ ಹಳ್ಳಿಯಲ್ಲಿ ಗ್ರೇಟ್ ನಾರ್ತ್ ಆಫ್ ಸ್ಕಾಟ್ಲೆಂಡ್ ರೈಲ್ವೆ ಗುಲಾಬಿ ಗ್ರಾನೈಟಿನ ದೊಡ್ಡ ಹೋಟೆಲು ಕಟ್ಟಿತ್ತು. ಜೊತೆಗೆ ಗಾಲ್ಫ್ ಮೈದಾನ. ನಿಲ್ದಾಣದಿಂದ ಹೋಟೆಲಿನ ಬಾಗಿಲಿಗೆ ಪುಟ್ಟ ವಿದ್ಯುತ್ ಟ್ರಾಮು. ಅತಿಥಿಗಳು, ಅವರ ಪೆಟ್ಟಿಗೆಗಳು, ಒಗೆಯುವ ಬಟ್ಟೆಯ ಗಂಟುಗಳು ಎಲ್ಲವೂ ಅದರಲ್ಲೇ ಬರುತ್ತಿದ್ದವು.

ಹೋಟೆಲು ಅಂದುಕೊಂಡಂತೆ ತುಂಬಲಿಲ್ಲ. ಅಬರ್ಡೀನ್‌ನಿಂದಲೂ ದೂರ, ಬೇಸಿಗೆ ಬಲು ಚಿಕ್ಕದು. 1932ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆ ಹೋಟೆಲನ್ನು ವಶಕ್ಕೆ ತೆಗೆದುಕೊಂಡಿತು, ಯುದ್ಧದ ನಂತರ ಅದನ್ನು ಕೆಡವಿದರು. ಅರ್ಧ ಶತಮಾನದಲ್ಲಿ ಆ ಗುಲಾಬಿ ಅರಮನೆ ಬಂದು, ಬೆಳಗಿ, ಮಣ್ಣುಪಾಲಾಯಿತು.

ಮೈದಾನ ಮಾತ್ರ ಹೋಗಲಿಲ್ಲ. ಟಾಮ್ ಸಿಂಪ್ಸನ್ ಮತ್ತು ಹರ್ಬರ್ಟ್ ಫೌಲರ್ 1926ರಲ್ಲಿ ತಿದ್ದಿ ರೂಪಿಸಿದ್ದ ಆ ಹದಿನೆಂಟು ಗುಳಿಗಳನ್ನು ಸ್ಥಳೀಯರು ಉಳಿಸಿಕೊಂಡರು. ಇಂದು ಅದು ಸದಸ್ಯರ ಕ್ಲಬ್ಬು, ಸ್ಕಾಟ್ಲೆಂಡಿಗೆ ಬರುವ ಗಾಲ್ಫ್ ಪ್ರವಾಸಿಗರ ಪಟ್ಟಿಯಲ್ಲಿ ತಪ್ಪದೆ ಇರುವ ಹೆಸರು. ಬಂಡವಾಳ ಹಾಕಿದ ಕಂಪನಿ ಇಲ್ಲ, ಅದು ಓಡಿಸಿದ ರೈಲೂ ಇಲ್ಲ, ಟ್ರಾಮೂ ಇಲ್ಲ. ಹಳ್ಳಿ ಹಿಡಿದಿಟ್ಟುಕೊಂಡದ್ದು ಉಳಿದಿದೆ.

ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ, ಅಬರ್ಡೀನ್‌ಗೆ ಹತ್ತಿರ, ಬಾಲ್ಮೇಡಿಯ ಮೆನಿ ಎಂಬಲ್ಲಿ ನೂರು ವರ್ಷಗಳ ಬಳಿಕ ಇನ್ನೊಂದು ವೈಭವದ ಮಾತು ಕೇಳಿಬಂತು. ಡೊನಾಲ್ಡ್ ಟ್ರಂಪ್ 2006ರಲ್ಲಿ ಆ ಎಸ್ಟೇಟನ್ನು ಕೊಂಡರು. ಒಂದು ಬಿಲಿಯನ್ ಪೌಂಡಿನ ಯೋಜನೆ, 450 ಕೋಣೆಗಳ ಹೋಟೆಲು, ನೂರಾರು ಮನೆಗಳು, 6,000 ಉದ್ಯೋಗ ಎಂಬ ಭರವಸೆ ಹೊರಬಿತ್ತು. ಮರಳುದಿಬ್ಬಗಳ ಒಂದು ಭಾಗ ಫೊವೆರನ್ ಲಿಂಕ್ಸ್ ಎಂಬ ಸಂರಕ್ಷಿತ ವೈಜ್ಞಾನಿಕ ತಾಣ. ಗಾಳಿಗೆ ಅಲ್ಲಿನ ಮರಳು ಸದಾ ಚಲಿಸುತ್ತಿತ್ತು, ಅದೇ ಅದರ ಹೆಚ್ಚುಗಾರಿಕೆ. 2007ರ ನವೆಂಬರಿನಲ್ಲಿ ಸ್ಥಳೀಯ ಕೌನ್ಸಿಲ್ ಸಮಿತಿ ಅರ್ಜಿ ತಳ್ಳಿಹಾಕಿತು. ಸ್ಕಾಟ್ಲೆಂಡ್ ಸರ್ಕಾರ ಕಡತವನ್ನು ತನ್ನ ಕೈಗೆ ತೆಗೆದುಕೊಂಡು ಸಾರ್ವಜನಿಕ ವಿಚಾರಣೆ ನಡೆಸಿ ಮರುವರ್ಷ ಒಪ್ಪಿಗೆ ಕೊಟ್ಟಿತು. ಮನೆ, ಹೊಲ ಮಾರಲು ಒಪ್ಪದ ನೆರೆಹೊರೆಯವರ ಹೋರಾಟ 2011ರ ಒಂದು ಸಾಕ್ಷ್ಯಚಿತ್ರದ ಮೂಲಕ ಜಗತ್ತಿಗೆಲ್ಲ ಗೊತ್ತಾಯಿತು.

2012ರ ಜುಲೈನಲ್ಲಿ ಮಾರ್ಟಿನ್ ಹಾಟ್ರಿ ರೂಪಿಸಿದ ಮೈದಾನ ತೆರೆಯಿತು. ಆಡಿ ಬಂದವರು ಅದನ್ನು ಹೊಗಳಿದರು, ಅದರಲ್ಲಿ ಅನುಮಾನವಿಲ್ಲ. ಆದರೆ 450 ಕೋಣೆಗಳ ಹೋಟೆಲು ಏಳಲಿಲ್ಲ. ಮೊದಲ ದಶಕದ ಲೆಕ್ಕಪತ್ರಗಳು ವರ್ಷವರ್ಷವೂ ನಷ್ಟ ತೋರಿಸಿದವು. ಉದ್ಯೋಗಿಗಳ ಸಂಖ್ಯೆ ಸಾವಿರಗಳ ಹತ್ತಿರಕ್ಕೂ ಬರಲಿಲ್ಲ. ಸಮುದ್ರದಲ್ಲಿ ಗಾಳಿಯಂತ್ರ ನೆಡುವುದನ್ನು ವಿರೋಧಿಸಿದ ಮೊಕದ್ದಮೆ 2015ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2018ರಿಂದ 11 ಗಾಳಿಯಂತ್ರಗಳು ಅಬರ್ಡೀನ್ ಕೊಲ್ಲಿಯಲ್ಲಿ ತಿರುಗುತ್ತಿವೆ. 2020ರಲ್ಲಿ ಪ್ರಕೃತಿ ಸಂರಕ್ಷಣಾ ಸಂಸ್ಥೆ ನೇಚರ್‌ಸ್ಕಾಟ್, ಮೈದಾನ ಹಾಕಿದ ಭಾಗದ ದಿಬ್ಬಗಳು ಸಂರಕ್ಷಿತ ಪಟ್ಟಿಯಲ್ಲಿ ಉಳಿಯುವ ಅರ್ಹತೆ ಕಳೆದುಕೊಂಡಿವೆ ಎಂದು ತೀರ್ಮಾನಿಸಿತು. ನಡೆದಾಡುತ್ತಿದ್ದ ಮರಳಿಗೆ ಹುಲ್ಲು ಹೊದಿಸಿ ನಿಲ್ಲಿಸಲಾಗಿತ್ತು.

ಸದಸ್ಯರಿಲ್ಲದ ಮೈದಾನ, ಮೈದಾನವೇ ಬದುಕಾದ ಹಳ್ಳಿ

ಹೊಸದೆಲ್ಲ ಹೀಗೇ ಎಂದರೆ ತಪ್ಪಾದೀತು. ಸೇಂಟ್ ಆಂಡ್ರೂಸ್‌ನಿಂದ ಕೆಲವೇ ಮೈಲಿ ದೂರದ ಕಿಂಗ್ಸ್‌ಬಾರ್ನ್ಸ್ ಹಳ್ಳಿಯಲ್ಲಿ 1793ರಲ್ಲೇ ಗಾಲ್ಫ್ ಸಂಘವಿತ್ತು. ಎರಡನೆಯ ಮಹಾಯುದ್ಧ ಶುರುವಾದಾಗ ಕರಾವಳಿಯ ರಕ್ಷಣೆಗೆಂದು ಅಲ್ಲಿನ ಒಂಬತ್ತು ಗುಳಿಗಳ ಮೈದಾನ ಮುಚ್ಚಿ, ನೆಲ ಹೊಲವಾಯಿತು. 2000ದಲ್ಲಿ ಕೈಲ್ ಫಿಲಿಪ್ಸ್ ಎಂಬ ಅಮೆರಿಕನ್ ವಿನ್ಯಾಸಕಾರ ಆ ಹೊಲಗಳ ಮೇಲೆ ಹೊಸ ಮೈದಾನ ರೂಪಿಸಿದರು. ಸಾವಿರಾರು ವರ್ಷಗಳಿಂದ ಅಲ್ಲಿದ್ದಂತೆ ಕಾಣುವ ದಿಬ್ಬಗಳೆಲ್ಲ ಬುಲ್ಡೋಜರಿನಿಂದ ಮಾಡಿದವು.

ಕಿಂಗ್ಸ್‌ಬಾರ್ನ್ಸ್‌ನ ಈ ಮೈದಾನಕ್ಕೆ ಸದಸ್ಯರೇ ಇಲ್ಲ. ದುಡ್ಡು ಕೊಟ್ಟವರು ಬಂದು ಆಡಿ ಹೋಗುತ್ತಾರೆ. ಹಾಗಿದ್ದರೂ ಅದು ನೆರೆಯ ಕ್ಲಬ್ಬುಗಳ ಸದಸ್ಯರನ್ನು ಕಿತ್ತುಕೊಳ್ಳಲಿಲ್ಲ, ಏಕೆಂದರೆ ಸದಸ್ಯತ್ವ ಎಂಬುದನ್ನೇ ಅದು ಮಾರುವುದಿಲ್ಲ. ಅದರ ಬದಲು ಅಮೆರಿಕದಿಂದ ಬಂದವನು ಇನ್ನೆರಡು ದಿನ ಹೆಚ್ಚು ಉಳಿಯುವಂತೆ ಮಾಡಿತು. ಓಲ್ಡ್ ಕೋರ್ಸ್‌ನ ಚೀಟಿ ಸಿಗದವನು ಕಿಂಗ್ಸ್‌ಬಾರ್ನ್ಸ್‌ನಲ್ಲಿ ಆಡುತ್ತಾನೆ, ಮರುದಿನ ಪಕ್ಕದ ಕ್ರೇಲ್‌ಗೆ ಹೋಗುತ್ತಾನೆ. ಕ್ರೇಲ್‌ನ ಗಾಲ್ಫ್ ಸಂಘ 1786ರದ್ದು. 1998ರಲ್ಲಿ ಅದು ಗಿಲ್ ಹಾನ್ಸ್ ಅವರಿಂದ ಎರಡನೆಯ ಮೈದಾನ ಮಾಡಿಸಿಕೊಂಡಿತ್ತು. ಆಟಗಾರರ ಕೋಲುಗಳ ಚೀಲ ಹೊರುವ ಕ್ಯಾಡಿಗಳಿಗೆ, ಟ್ಯಾಕ್ಸಿಯವರಿಗೆ, ಮನೆಯಲ್ಲೇ ಕೋಣೆ ಕೊಟ್ಟು ಬೆಳಗಿನ ತಿಂಡಿ ಬಡಿಸುವವರಿಗೆ ಕೆಲಸ ಸಿಕ್ಕಿತು. 2001ರಿಂದ ಓಲ್ಡ್ ಕೋರ್ಸ್, ಕಾರ್ನೂಸ್ಟಿ, ಕಿಂಗ್ಸ್‌ಬಾರ್ನ್ಸ್ ಮೂರರಲ್ಲೂ ಒಟ್ಟಿಗೆ ನಡೆಯುವ ಡನ್‌ಹಿಲ್ ಪಂದ್ಯಾವಳಿ ಅಕ್ಟೋಬರ್ ಹೊತ್ತಿನಲ್ಲೂ ಹೋಟೆಲುಗಳನ್ನು ತುಂಬಿಸಿತು.

ಇದಕ್ಕೆ ತದ್ವಿರುದ್ಧವಾದ ದಾರಿ 1990ರ ದಶಕದಲ್ಲಿ ತೆರೆದ ಲಾಕ್ ಲೋಮಂಡ್ ಗಾಲ್ಫ್ ಕ್ಲಬ್ಬಿನದು. ಅಲ್ಲಿ ಆಹ್ವಾನವಿಲ್ಲದೆ ಸದಸ್ಯತ್ವವಿಲ್ಲ, ಸದಸ್ಯರ ಅತಿಥಿಯಲ್ಲದವರಿಗೆ ಆಟವಿಲ್ಲ. ಮೈದಾನ ಅಪ್ರತಿಮ ಎನ್ನುತ್ತಾರೆ. ಸರೋವರದ ದಂಡೆಯ ಹಳ್ಳಿಯವರಿಗೆ ಅದು ಮರಗಳ ಹಿಂದಿನ ಸದ್ದು ಮಾತ್ರ.

ಐಷಾರಾಮಿ ಮೈದಾನಗಳು ಹೆಚ್ಚುತ್ತಿದ್ದ ಅದೇ ಕಾಲದಲ್ಲಿ ಸಾಮಾನ್ಯ ಕ್ಲಬ್ಬುಗಳು ಸೊರಗುತ್ತಿದ್ದವು. 2000ದ ದಶಕದ ಮಧ್ಯದಲ್ಲಿ ಎರಡೂಕಾಲು ಲಕ್ಷ ಮೀರಿದ್ದ ಸ್ಕಾಟ್ಲೆಂಡಿನ ಕ್ಲಬ್ ಸದಸ್ಯರ ಸಂಖ್ಯೆ ಮುಂದಿನ ದಶಕದ ಕೊನೆಗೆ ಎರಡು ಲಕ್ಷದ ಕೆಳಗಿಳಿಯಿತು. ಎಡಿನ್‌ಬರೊದ ಬೆಟ್ಟದ ಬುಡದಲ್ಲಿ 1893ರಿಂದ ಇದ್ದ ಲೋಥಿಯನ್‌ಬರ್ನ್ ಕ್ಲಬ್ಬು 2013ರಲ್ಲಿ ಬಾಗಿಲು ಮುಚ್ಚಿತು. ಇದಕ್ಕೆ ಹೊಸ ಮೈದಾನಗಳನ್ನೇ ದೂರುವಂತಿಲ್ಲ. ಕೆಲಸದ ವೇಳೆ ಬದಲಾಯಿತು, ಶನಿವಾರದ ನಾಲ್ಕು ಗಂಟೆ ಆಟಕ್ಕೆ ಕೊಡಲು ಮನೆಗಳಲ್ಲಿ ಪುರುಸೊತ್ತಿಲ್ಲವಾಯಿತು, ವರ್ಷದ ಚಂದಾ ಕಟ್ಟುವ ಬದಲು ಬೇಕಾದಾಗ ಬೇಕಾದ ಕಡೆ ಆಡುವವರು ಹೆಚ್ಚಾದರು. ಕೋವಿಡ್ ಕಾಲದಲ್ಲಿ ಬಯಲಿನ ಆಟದ ಕಡೆಗೆ ಜನ ಮತ್ತೆ ತಿರುಗಿದಾಗ ಕ್ಲಬ್ಬುಗಳು ಉಸಿರಾಡಿದವು. ಆದರೆ ಕಷ್ಟಕಾಲದಲ್ಲಿ ಯಾವ ಕ್ಲಬ್ಬು ಪ್ರವಾಸಿಗರ ದಾರಿಯಲ್ಲಿತ್ತೋ ಅದು ಬದುಕಿತು. ದಾರಿಯಿಂದ ಆಚೆ ಇದ್ದದ್ದು ಒದ್ದಾಡಿತು.

ಆ ದಾರಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಉತ್ತರ ಭಾಗದ ಡೋರ್ನಕ್ ಒಳ್ಳೆಯ ಉದಾಹರಣೆ. ಅಲ್ಲಿ ಗಾಲ್ಫ್ ಆಡಿದ ದಾಖಲೆ 1616ರಷ್ಟು ಹಳೆಯದು, ಕ್ಲಬ್ಬು 1877ರದ್ದು. ಅಲ್ಲಿನ ಬಡಗಿ ಡೊನಾಲ್ಡ್ ರಾಸ್ 1899ರಲ್ಲಿ ಅಮೆರಿಕಕ್ಕೆ ಹೋಗಿ ಪೈನ್‌ಹರ್ಸ್ಟ್ ಸೇರಿದಂತೆ ನೂರಾರು ಮೈದಾನ ಕಟ್ಟಿದ. ಆದರೂ ಡೋರ್ನಕ್ ದೂರದ ಊರಾಗಿಯೇ ಉಳಿದಿತ್ತು. 1964ರಲ್ಲಿ ಹರ್ಬರ್ಟ್ ವಾರೆನ್ ವಿಂಡ್ ಎಂಬ ಬರಹಗಾರ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಈ ಲಿಂಕ್ಸ್ ಬಗ್ಗೆ ಒಂದು ಪ್ರಬಂಧ ಬರೆದ. ಅದನ್ನು ಓದಿದ ಅಮೆರಿಕನ್ನರು ಹುಡುಕಿಕೊಂಡು ಬರತೊಡಗಿದರು. 1981ರಲ್ಲಿ ಪ್ರಸಿದ್ಧ ಗಾಲ್ಫ್ ಆಟಗಾರ ಟಾಮ್ ವಾಟ್ಸನ್ ಬಂದು 24 ಗಂಟೆಗಳಲ್ಲಿ ಮೂರು ಸುತ್ತು ಆಡಿದರು. 2009ರಲ್ಲಿ ಇನ್ವರ್ನೆಸ್ ಬಳಿ ಕ್ಯಾಸಲ್ ಸ್ಟುವರ್ಟ್ ತೆರೆದು, 2011ರಿಂದ ಮೂರು ವರ್ಷ ಸತತವಾಗಿ ಸ್ಕಾಟಿಷ್ ಓಪನ್ ಅಲ್ಲಿಗೆ ಬಂದಾಗ ಡೋರ್ನಕ್‌ಗೆ ದಾರಿ ಹಿಡಿದವರು ಇನ್ನೂ ಹೆಚ್ಚಾದರು.

ಡೋರ್ನಕ್‌ನಿಂದ ಮೇಲಕ್ಕೆ ಬ್ರೋರಾ. ಜೇಮ್ಸ್ ಬ್ರೇಡ್ 1923ರಲ್ಲಿ ರೂಪಿಸಿದ ಅಲ್ಲಿನ ಮೈದಾನದಲ್ಲಿ ಗ್ರೀನುಗಳ ಸುತ್ತ ಮೊಣಕಾಲೆತ್ತರದ ತಂತಿಬೇಲಿ ಕಾಣುತ್ತಿತ್ತು, ಅದರಲ್ಲಿ ಸಣ್ಣಗೆ ವಿದ್ಯುತ್ ಹರಿಯುತ್ತಿತ್ತು. ಬೇಲಿ ಆಟಗಾರರಿಗಾಗಿ ಅಲ್ಲ, ಕುರಿ ದನಗಳಿಗಾಗಿ. ಕ್ರಾಫ್ಟರ್‌ಗಳು ಎಂದು ಕರೆಯುವ ಸಣ್ಣ ಹಿಡುವಳಿದಾರರಿಗೆ ಆ ನೆಲದ ಮೇಲೆ ಮೇವಿನ ಹಕ್ಕಿದೆ. ಫೇರ್‌ವೇಯ ನಡುವೆ ಮಲಗಿದ ಹಸುವನ್ನು ಬಳಸಿಕೊಂಡು ಹೋಗಿ ಹೊಡೆದ ಅನುಭವವನ್ನು ಹೇಳಿಕೊಳ್ಳುವುದಕ್ಕೇ ಎಷ್ಟೋ ಜನ ಬ್ರೋರಾಕ್ಕೆ ಬಂದಿದ್ದಾರೆ. ಇಂಥ ಕ್ಲಬ್ಬುಗಳು ಹೊರದೇಶದವರಿಗೆ ಪ್ರತ್ಯೇಕ ಸದಸ್ಯತ್ವ ಇಟ್ಟಿರುತ್ತವೆ. ಅಲ್ಲಿಗೆ ಮನಸೋತವರು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ, ಚಂದಾ ಮಾತ್ರ ಪ್ರತಿ ವರ್ಷ ಕಟ್ಟುತ್ತಾರೆ. ಹಳ್ಳಿಯ ಮೈದಾನದ ಹುಲ್ಲು ಹಸಿರಾಗಿರಲು ಆ ಹಣವೂ ಕಾರಣ.

ಪಶ್ಚಿಮದ ಸೌತ್ ಉಯಿಸ್ಟ್ ದ್ವೀಪದ ಆಸ್ಕರ್ನಿಷ್‌ನಲ್ಲಿ ಟಾಮ್ ಮಾರಿಸ್ 1891ರಲ್ಲಿ ಗುರುತಿಸಿದ್ದ ಮೈದಾನ ಮರೆತೇಹೋಗಿತ್ತು. ಅದನ್ನು ಮತ್ತೆ ಹುಡುಕಿ 2008ರಲ್ಲಿ ತೆರೆದರು. ಅದಕ್ಕೆ ಎರಡು ವರ್ಷ ಮೊದಲು ದ್ವೀಪದ ಜನರೇ ಒಟ್ಟಾಗಿ ಅಲ್ಲಿನ ಎಸ್ಟೇಟನ್ನು ಕೊಂಡುಕೊಂಡಿದ್ದರು. ನೆಲ ಊರಿನದ್ದೇ ಆದರೂ ಕೆಲವು ಕ್ರಾಫ್ಟರ್‌ಗಳು ಮೇವಿನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1552ರ ಪ್ರಶ್ನೆ ಇನ್ನೊಂದು ದ್ವೀಪದಲ್ಲಿ ಇನ್ನೊಂದು ಸಲ ಎದ್ದಿತ್ತು.

ಡೋರ್ನಕ್‌ನ ಪಕ್ಕದಲ್ಲೇ ಕೌಲ್ ಲಿಂಕ್ಸ್ ಇದೆ. ಅಮೆರಿಕದ ಹೂಡಿಕೆದಾರರು ಅಲ್ಲಿ ಹೊಸ ಮೈದಾನಕ್ಕೆ ಅರ್ಜಿ ಹಾಕಿದಾಗ ಊರಿನ ಬಹಳಷ್ಟು ಜನ ಬೆಂಬಲಿಸಿದರು. ಯುವಕರು ಊರು ಬಿಡುತ್ತಿದ್ದಾರೆ, ಡೋರ್ನಕ್‌ಗೆ ಬಂದವರು ಇನ್ನೊಂದು ರಾತ್ರಿ ಉಳಿದರೆ ನಾಲ್ಕು ಮನೆಗೆ ಕೆಲಸ ಎಂಬುದು ಅವರ ಮಾತು. ಆ ಮಾತಿನಲ್ಲಿ ತೂಕವಿತ್ತು. ಇನ್ನೊಂದು ಕಡೆ, ಅಂತರರಾಷ್ಟ್ರೀಯ ಸಂರಕ್ಷಣೆಯ ಪಟ್ಟಿಯಲ್ಲಿರುವ ಆ ದಿಬ್ಬಗಳಲ್ಲಿ ಫೊನ್ಸೆಕಾ ಬೀಜನೊಣ ಎಂಬ ಪುಟ್ಟ ನೊಣವಿದೆ. ಆ ಚಿಕ್ಕ ಕರಾವಳಿಯ ಪಟ್ಟಿ ಬಿಟ್ಟರೆ ಬೇರೆಲ್ಲೂ ಅದನ್ನು ಕಂಡವರಿಲ್ಲ. 2020ರ ಫೆಬ್ರವರಿಯಲ್ಲಿ ಸ್ಕಾಟಿಷ್ ಸಚಿವರು ಅರ್ಜಿ ತಿರಸ್ಕರಿಸಿದರು. ಎರಡನೆಯ ಅರ್ಜಿಯನ್ನು ಹೈಲ್ಯಾಂಡ್ ಕೌನ್ಸಿಲ್ 2023ರ ಡಿಸೆಂಬರಿನಲ್ಲಿ ಒಪ್ಪಿದಾಗ ಸರ್ಕಾರ ಅದನ್ನೂ ತನ್ನ ಪರಿಶೀಲನೆಗೆ ತೆಗೆದುಕೊಂಡಿತು. ಮೆನಿಯಲ್ಲಿ ಮರಳು ನಿಂತುಹೋದದ್ದು ಇಲ್ಲಿನ ವಾದದಲ್ಲಿ ಮತ್ತೆ ಮತ್ತೆ ಉದಾಹರಣೆಯಾಗಿ ಬಂತು.

ಕನ್ನಡನಾಡಿಗೂ ಈ ಆಟ ಬಂದದ್ದು ಬ್ರಿಟಿಷರ ಜೊತೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಡೋರ್ನಕ್ ಕ್ಲಬ್ಬಿಗಿಂತ ಒಂದು ವರ್ಷ ಮೊದಲು. ಇಲ್ಲಿ ಆಟಕ್ಕೆ ಸಿಕ್ಕಿದ ನೆಲದ ಕಥೆಯೂ ಸಾರ್ವಜನಿಕ ನೆಲದ ಕಥೆಯೇ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಇರುವುದು ಒಂದು ಕಾಲದ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಅದೇ ಮೈದಾನವನ್ನು ಎದುರಿನ ಹೋಟೆಲಿನಲ್ಲಿ ತಿಂಡಿ ತಿನ್ನುತ್ತ ನೋಡಿ ಆಸೆಪಟ್ಟ ಐದು ವರ್ಷದ ಹುಡುಗಿ ಅದಿತಿ ಅಶೋಕ್ ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಬಿಡದಿ ಬಳಿಯ ಗಾಲ್ಫ್ ರೆಸಾರ್ಟಿನ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಆ ಮೈದಾನದಲ್ಲೇ ಆಟ ಕಲಿತು 2015ರಲ್ಲಿ ಭಾರತದ ವೃತ್ತಿಪರ ಗಾಲ್ಫ್ ಪಟ್ಟಿಯ ಮೊದಲ ಸ್ಥಾನಕ್ಕೇರಿದರು. ಬೇಲಿಯಲ್ಲಿ ಒಂದು ಗೇಟು ಹಳ್ಳಿಯ ಕಡೆಗೂ ತೆರೆದಿದ್ದರಿಂದ ಆದದ್ದು ಅದು. ಬೆಂಗಳೂರಿನ ಸುತ್ತ ವಿಲ್ಲಾಗಳ ಜೊತೆ ಹಾಕುವ ಹೊಸ ಮೈದಾನಗಳ ಜಾಹೀರಾತು ಪ್ರತಿ ವರ್ಷ ಬರುತ್ತದೆ. ಅವುಗಳಲ್ಲಿ ಗುಳಿಗಳ ಸಂಖ್ಯೆ, ಕೋಣೆಗಳ ಸಂಖ್ಯೆ ಇರುತ್ತದೆ. ಆ ನೆಲ ಮೊದಲು ಕೆರೆಯೋ, ಗೋಮಾಳವೋ, ಪಕ್ಕದ ಹಳ್ಳಿಯ ಮಕ್ಕಳಿಗೆ ಒಳಗೆ ಬರುವ ದಾರಿ ಯಾವುದು ಎಂಬುದನ್ನು ಓದುಗರು ತಾವೇ ಕೇಳಬೇಕು.

ಸೇಂಟ್ ಆಂಡ್ರೂಸ್‌ನಲ್ಲಿ ಓಲ್ಡ್ ಕೋರ್ಸ್‌ಗೆ ತಾಗಿಕೊಂಡೇ ಉಬ್ಬುತಗ್ಗುಗಳ ಒಂದು ಪುಟ್ಟ ಹುಲ್ಲುಗಾವಲಿದೆ. ಹೆಸರು ಹಿಮಾಲಯಾಸ್. ಗಂಡಸರ ಮೈದಾನದಲ್ಲಿ ಹೆಂಗಸರಿಗೆ ಜಾಗವಿಲ್ಲದ ಕಾಲದಲ್ಲಿ, 1867ರಲ್ಲಿ, ಊರಿನ ಹೆಂಗಸರು ತಮ್ಮದೇ ಪಟ್ಟಿಂಗ್ ಕ್ಲಬ್ ಕಟ್ಟಿಕೊಂಡರು. ಟಾಮ್ ಮಾರಿಸ್ ಅವರಿಗೆ ಈ ನೆಲ ಸಿದ್ಧಮಾಡಿಕೊಟ್ಟ. ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಪಟ್ಟಿಂಗ್ ಕ್ಲಬ್ಬಿಗೆ 147 ವರ್ಷ ತುಂಬಿತ್ತು. ಸದಸ್ಯರ ಆಟವಿಲ್ಲದ ವೇಳೆಯಲ್ಲಿ ಅಲ್ಲಿ ಯಾರು ಬೇಕಾದರೂ ಕೆಲವು ಪೌಂಡ್ ಕೊಟ್ಟು ಆಡಬಹುದು. ಪುಟ್ಟ ಗುಡಿಸಿಲಿನ ಕಿಟಕಿಯಲ್ಲಿ ಕೋಲನ್ನೂ ಚೆಂಡನ್ನೂ ಕೊಡುತ್ತಾರೆ. ಬೇಸಿಗೆಯ ಸಂಜೆಗಳಲ್ಲಿ ಬೆಳಕು ಹತ್ತು ಗಂಟೆಯ ತನಕ ಇರುತ್ತದೆ. ಚೀಟಿಯಲ್ಲಿ ಹೆಸರು ಬಾರದ ಪ್ರವಾಸಿ, ಐಸ್‌ಕ್ರೀಮ್ ಮುಗಿಸಿ ಬಂದ ಊರಿನ ಮಕ್ಕಳು, ಮೊಮ್ಮಗಳಿಗೆ ಕೋಲು ಹಿಡಿಯಲು ಕಲಿಸುವ ಅಜ್ಜಿ ಒಬ್ಬರ ಹಿಂದೆ ಒಬ್ಬರು ಅದೇ ಉಬ್ಬು ಹತ್ತಿಸಲು ಚೆಂಡು ತಳ್ಳುತ್ತಾರೆ. ಪಕ್ಕದ ಓಲ್ಡ್ ಕೋರ್ಸ್‌ನಲ್ಲಿ ಆ ದಿನದ ಕೊನೆಯ ಆಟಗಾರರು ಓಣಿ ದಾಟುವ ಸೈಕಲ್ಲಿಗಾಗಿ ಕಾಯುತ್ತ ನಿಂತಿರುತ್ತಾರೆ.